ಇಬ್ಬನಿಯ ಲೆಕ್ಕದಲ್ಲಿ ಹಳ್ಳಿಮನೆಯ ದಿನಚರಿ

ಮಳೆ ಬೀಳುತ್ತದೆ, ಆಲಿಕಲ್ಲು ಬೀಳುತ್ತದೆ. ಇಬ್ಬನಿಯನ್ನೂ ನಾವು ‘ಬಿತ್ತು’ ಅಂತಲೇ ಹೇಳುತ್ತೇವೆ. ಆದರೆ ಅದು ಮೇಲಿಂದ ಬೀಳುವುದಿಲ್ಲ. ಹುಲ್ಲಿಗೆ ತಾಗಿಕೊಂಡಿರುವ ಗಾಳಿಯಲ್ಲೇ ಇದ್ದ ನೀರಾವಿ, ಹುಲ್ಲು ತಣ್ಣಗಾದಾಗ ಅದರ ಮೇಲೆ ಹನಿಗಟ್ಟುತ್ತದೆ, ಅಷ್ಟೇ. ಸಮಶೀತೋಷ್ಣ ವಲಯದ ದೇಶಗಳಲ್ಲಿ, ಬೇಸಿಗೆ ಮುಗಿದು ಶರತ್ಕಾಲ ಕಾಲಿಡುವ ವಾರಗಳಲ್ಲಿ ತೋಟವಿರುವ ಹಳ್ಳಿಮನೆಯ ಹೆಚ್ಚಿನ ಕೆಲಸಗಳೆಲ್ಲ ಈ ಒಂದು ಸಂಗತಿಯ ಸುತ್ತಲೇ ತಿರುಗುತ್ತವೆ. ಗಿಡಕ್ಕೆ ನೀರು ಹಾಕುವುದು, ಕಿಟಕಿ ತೆರೆಯುವುದು, ಸೌದೆ ಒಟ್ಟುವುದು, ಬೀಜ ಎತ್ತಿಡುವುದು, ಯಾವುದೇ ಇರಲಿ, ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಸ್ತು ಎಷ್ಟು ತಣ್ಣಗಿದೆ, ಇದಕ್ಕೆ ತಾಗುವ ಗಾಳಿಯಲ್ಲಿ ಎಷ್ಟು ನೀರಿದೆ?

ಈ ಲೆಕ್ಕವನ್ನು ಮೊದಲು ಸರಿಯಾಗಿ ಬಿಡಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. 1814ರಲ್ಲಿ ಪ್ರಕಟವಾದ ಅವರ ಪ್ರಬಂಧದ ಹಿಂದಿದ್ದ ಮುಖ್ಯ ಸಲಕರಣೆಗಳೆಂದರೆ ಥರ್ಮಾಮೀಟರು, ತಕ್ಕಡಿ ಮತ್ತು ಉಣ್ಣೆ. ತಲಾ 10 ಗ್ರೇನ್, ಎಂದರೆ ಸುಮಾರು 0.65 ಗ್ರಾಂ ತೂಗುವ ಉಣ್ಣೆಯ ಉಂಡೆಗಳನ್ನು ರಾತ್ರಿ ಬಯಲಲ್ಲಿಟ್ಟು, ಬೆಳಗ್ಗೆ ಎಷ್ಟು ತೂಕ ಹೆಚ್ಚಿದೆ ಎಂದು ಅವರು ನೋಡುತ್ತಿದ್ದರು. ಕಾಲುಗಳ ಮೇಲೆ ನಿಲ್ಲಿಸಿದ ಒಂದು ಹಲಗೆಯ ಮೇಲ್ಭಾಗದ ಉಣ್ಣೆ 14 ಗ್ರೇನ್ ನೀರು ಹಿಡಿದರೆ, ಅದೇ ಹಲಗೆಯ ಅಡಿಭಾಗಕ್ಕೆ ಕಟ್ಟಿದ್ದು 4 ಗ್ರೇನ್ ಹಿಡಿಯಿತು. ಅಡಿಯ ಉಣ್ಣೆಯೂ ಒದ್ದೆಯಾಗಿದೆ, ಹಾಗಾಗಿ ಇಬ್ಬನಿ ಬರೀ ಮೇಲಿಂದ ಉದುರುವ ಮಳೆಯಲ್ಲ. ಆದರೆ ಆಕಾಶಕ್ಕೆ ಮುಖಮಾಡಿದ್ದೇ ಹೆಚ್ಚು ಒದ್ದೆ. ಅಂದರೆ ಆಕಾಶವನ್ನು ‘ಕಾಣುವ’ ವಸ್ತು ಬೇಗ ತಣ್ಣಗಾಗುತ್ತದೆ.

ಕಾರಣ ಇದು. ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಅವಗೆಂಪು ಕಿರಣಗಳಾಗಿ ಸದಾ ಹೊರಸೂಸುತ್ತಿರುತ್ತದೆ. 8ರಿಂದ 13 ಮೈಕ್ರೋಮೀಟರ್ ತರಂಗಾಂತರದ ಕಿರಣಗಳಿಗೆ ವಾತಾವರಣ ತೆರೆದ ಕಿಟಕಿಯಿದ್ದಂತೆ. ಮೋಡವಿಲ್ಲದ ರಾತ್ರಿ ಅವು ನೇರ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತವೆ. ಮೋಡವಿದ್ದರೆ ಅದು ಹೀರಿ, ಬಹುಪಾಲನ್ನು ನೆಲಕ್ಕೆ ಮರಳಿಸುತ್ತದೆ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆಯ ಗಾಳಿ ಹುಲ್ಲಿಗೆ ಬಂದು ತಾಗುತ್ತಲೇ ಇರುತ್ತದೆ. ಇಬ್ಬನಿಗೆ ತಿಳಿಯಾದ, ನಿಶ್ಚಲವಾದ ರಾತ್ರಿಯೇ ಬೇಕಾಗುವುದು ಇದಕ್ಕೇ. ಶರತ್ಕಾಲದ ಆರಂಭದಲ್ಲಿ ಬೇಸಿಗೆಯ ಬಿಸಿ ನೆಲದಲ್ಲಿ ಇನ್ನೂ ಉಳಿದಿರುತ್ತದೆ, ಮಣ್ಣಿನಿಂದ ಆವಿ ಏಳುತ್ತಿರುತ್ತದೆ, ರಾತ್ರಿ ಮಾತ್ರ ದಿನದಿಂದ ದಿನಕ್ಕೆ ಉದ್ದವಾಗುತ್ತಿರುತ್ತದೆ. 45 ಡಿಗ್ರಿ ಅಕ್ಷಾಂಶದಲ್ಲಿ ವಿಷುವದ, ಎಂದರೆ ಹಗಲು ರಾತ್ರಿ ಸಮವಾಗುವ ದಿನದ ಆಸುಪಾಸು ದಿನಕ್ಕೆ ಸುಮಾರು 3 ನಿಮಿಷದಂತೆ.

ಬಿಸಿ ಗಾಳಿಯಲ್ಲಿ ಹೆಚ್ಚು ಆವಿ ಇರಬಲ್ಲದು, ತಣ್ಣನೆಯದರಲ್ಲಿ ಕಡಿಮೆ. ಒಂದು ಘನ ಮೀಟರ್ ಜಾಗದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 23 ಗ್ರಾಂ, 20ರಲ್ಲಿ 17, 15ರಲ್ಲಿ 13ಕ್ಕೆ ತುಸು ಕಡಿಮೆ, 10ರಲ್ಲಿ 9.4, 5ರಲ್ಲಿ 6.8 ಗ್ರಾಂ. ಇದೇ ಮಿತಿ. ಗಾಳಿಯಲ್ಲಿ ಈಗಿರುವ ಆವಿಯೇ ಮಿತಿಯಾಗಿಬಿಡುವಷ್ಟು ತಣ್ಣಗಿನ ಉಷ್ಣತೆಯನ್ನು ಇಬ್ಬನಿ ಬಿಂದು ಎನ್ನುತ್ತಾರೆ. ಈ ಒಂದು ಅಂಕಿಯನ್ನು ಸಂಜೆ ಹೊತ್ತು ಅಳೆದುಕೊಂಡರೆ ಮರುದಿನ ಬೆಳಗಿನವರೆಗಿನ ಎಷ್ಟೋ ಸಂಗತಿ ಮೊದಲೇ ತಿಳಿಯುತ್ತದೆ.

ಅಳೆಯಲು ಹೊಳೆಯುವ ಸ್ಟೀಲ್ ಲೋಟ, ಒಂದು ಥರ್ಮಾಮೀಟರು, ಪುಡಿಮಾಡಿದ ಐಸ್ ಇದ್ದರೆ ಸಾಕು. ಲೋಟದ ಹೊರಮೈಯನ್ನು ಚೆನ್ನಾಗಿ ಒರೆಸಿ, ಕೋಣೆಯ ಉಷ್ಣತೆಯ ನೀರನ್ನು ಅರ್ಧದವರೆಗೆ ತುಂಬಿ ಹೊರಗಿಡಬೇಕು. ಐಸನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ, ಪ್ರತಿ ಸಲ ಪೂರ್ತಿ ಕರಗುವವರೆಗೆ ಕಲಕಬೇಕು. ಲೋಟದ ಹೊಳಪು ಮಸುಕಾದ ಕ್ಷಣದ ಉಷ್ಣತೆಯನ್ನು ಬರೆದುಕೊಂಡು, ಐಸ್ ಹಾಕುವುದನ್ನು ನಿಲ್ಲಿಸಿ, ನೀರು ನಿಧಾನ ಬಿಸಿಯಾಗುವಾಗ ಆ ಮಸುಕು ಮಾಯವಾಗುವ ಉಷ್ಣತೆಯನ್ನೂ ಬರೆದುಕೊಳ್ಳಬೇಕು. ಎರಡರ ಸರಾಸರಿಯೇ ಇಬ್ಬನಿ ಬಿಂದು. ಹೆಚ್ಚಿನವರು ತಪ್ಪುವುದು ಎರಡು ಕಡೆ. ದೊಡ್ಡ ಐಸ್ ತುಂಡು ಹಾಕಿದರೆ ನೀರು ಸರಕ್ಕನೆ ತಣ್ಣಗಾಗಿ ಬಿಂದುವನ್ನು ದಾಟಿಬಿಡುತ್ತದೆ. ಮುಖವನ್ನು ಹತ್ತಿರ ತಂದರೆ ಲೋಟದ ಮೇಲೆ ಕೂರುವುದು ಗಾಳಿಯ ಆವಿಯಲ್ಲ, ನಮ್ಮ ಉಸಿರು.

ಅಂಕಿ 9 ಡಿಗ್ರಿ ಬಂತೆನ್ನಿ. ರಾತ್ರಿ ತಿಳಿಯಾಗಿದ್ದು ಗಾಳಿಯಾಡದಿದ್ದರೆ ಉಷ್ಣತೆ ಬೇಗ ಬೇಗ ಇಳಿದು, 9ರ ಹತ್ತಿರ ಬಂದಾಗ ನಿಧಾನವಾಗುತ್ತದೆ. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 2,500 ಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಇಳಿಯುವ ಉಷ್ಣತೆಗೆ ಅದೇ ಬ್ರೇಕ್. ಆದರೆ ಅಂಕಿ 2 ಡಿಗ್ರಿಗಿಂತ ಕೆಳಗಿದ್ದರೆ ಆ ಬ್ರೇಕ್ ಹಿಡಿಯುವ ಹೊತ್ತಿಗೆ ತಡವಾಗಿರುತ್ತದೆ. ಎದೆಮಟ್ಟದ ಗಾಳಿಗಿಂತ ಹುಲ್ಲಿನ ಮಟ್ಟ 4–5 ಡಿಗ್ರಿ ಹೆಚ್ಚು ತಣ್ಣಗಿರಬಲ್ಲದು, ಹಾಗಾಗಿ ಗೋಡೆಗೆ ನೇತುಹಾಕಿದ ಥರ್ಮಾಮೀಟರು 3 ತೋರಿಸುತ್ತಿರುವಾಗಲೇ ಎಲೆಯ ಮೇಲಿನ ನೀರು ಹೆಪ್ಪುಗಟ್ಟಿರಬಹುದು. ಇಂಥ ಸಂಜೆ ಎಳೆ ಗಿಡಗಳ ಮೇಲೆ ತೆಳುವಾದ ಬಟ್ಟೆಯನ್ನು, ಎಲೆಗೆ ತಾಗದಂತೆ ಕೋಲುಗಳ ಆಸರೆಯಲ್ಲಿ, ನೆಲದವರೆಗೆ ಇಳಿಬಿಡಬೇಕು. ಬಟ್ಟೆ ಎಲೆಗೂ ಆಕಾಶಕ್ಕೂ ನಡುವೆ ಮರೆಯಾಗಿ ನಿಲ್ಲುತ್ತದೆ, ನೆಲದ ಬಿಸಿಯನ್ನೂ ಹಿಡಿದಿಡುತ್ತದೆ. ಪ್ಲಾಸ್ಟಿಕ್ ಹಾಳೆ ಎಲೆಗೆ ಅಂಟಿದರೆ ಅಂಟಿದ ಜಾಗವೇ ಮೊದಲು ಸುಟ್ಟಂತಾಗುತ್ತದೆ. ತೋಟಗಾರರು ಹೀಗೆ ತೆಳು ಚಾಪೆ ಮುಚ್ಚುವುದನ್ನು ನೋಡಿ ತಾನೂ ಹಿಂದೆ ನಕ್ಕಿದ್ದುಂಟು ಎಂದು ವೆಲ್ಸ್ ಮುಕ್ತವಾಗಿ ಒಪ್ಪಿಕೊಂಡಿದ್ದಾರೆ. ತೋಟಗಾರರ ಕೈಗೆ ಗೊತ್ತಿದ್ದ ಸತ್ಯಕ್ಕೆ ಕಾರಣ ಹುಡುಕಿಕೊಟ್ಟದ್ದೂ ಅವರೇ.

ಬೆಳಗ್ಗೆ ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಭೂತಗನ್ನಡಿಯಲ್ಲಿ ನೋಡಿದರೆ ಎರಡು ಬಗೆಯ ನೀರು ಕಾಣುತ್ತದೆ. ಎಸಳಿನ ಮೈತುಂಬ ಹಿಟ್ಟು ಚಿಮುಕಿಸಿದಂತೆ ಇರುವ ಸಣ್ಣ ಹನಿಗಳು ಇಬ್ಬನಿ. ತುದಿಯಲ್ಲಿ ಒಂಟಿಯಾಗಿ, ಬೀಳಲೋ ಬೇಡವೋ ಎಂದು ತೂಗುವ ದಪ್ಪ ಹನಿ ಗಾಳಿಯಿಂದ ಬಂದದ್ದಲ್ಲ. ಅದು ಗಿಡವೇ ಹೊರಹಾಕಿದ ನೀರು. ಮಣ್ಣು ಬೆಚ್ಚಗೆ, ತೇವವಾಗಿದ್ದು, ಗಾಳಿಯಲ್ಲಿ ಆವಿ ತುಂಬಿ ಎಲೆಯಿಂದ ನೀರು ಆರದೇ ಇದ್ದಾಗ ಬೇರಿನ ಒತ್ತಡ ನೀರನ್ನು ಎಲೆಯ ತುದಿಯ ರಂಧ್ರದವರೆಗೆ ನೂಕುತ್ತದೆ. ಇದಕ್ಕೆ ಬಿಂದುಸ್ರಾವ ಎಂದು ಹೆಸರು. ಅದರಲ್ಲಿ ಲವಣ, ಸಕ್ಕರೆಯ ಅಂಶ ಕರಗಿರುವುದರಿಂದ ಒಣಗಿದ ಮೇಲೆ ತುದಿಯಲ್ಲಿ ಬಿಳಿ ಕಲೆ ಉಳಿಯಬಹುದು. ಇಬ್ಬನಿ ಒಣಗಿದರೆ ಇಂಥ ಗುರುತು ಉಳಿಯುವುದಿಲ್ಲ. ಒಮ್ಮೆ ಈ ವ್ಯತ್ಯಾಸ ಕಣ್ಣಿಗೆ ಬಿದ್ದರೆ ಮುಂದೆ ಯಾವ ಬೆಳಗಿನ ಹುಲ್ಲೂ ಮೊದಲಿನಂತೆ ಕಾಣುವುದಿಲ್ಲ.

ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎನ್ನುವುದು ತೋಟದ ಮಟ್ಟಿಗೆ ಬಹಳ ಮುಖ್ಯ. ಶಿಲೀಂಧ್ರ ರೋಗಗಳ ಬೀಜಕಣಗಳಲ್ಲಿ ಹೆಚ್ಚಿನವು ಮೊಳೆಯಬೇಕಾದರೆ ಎಲೆಯ ಮೇಲೆ ಸತತವಾಗಿ ಕೆಲವು ಗಂಟೆ ನೀರಿರಬೇಕು. ಸಂಜೆ ಗಿಡದ ತಲೆಗೆ ನೀರು ಹೊಯ್ದರೆ ಇಬ್ಬನಿಯಿಂದ ಎಲೆ ಒದ್ದೆಯಾಗಿರುವ ಹತ್ತು ಗಂಟೆಗಳಿಗೆ ಇನ್ನೂ ನಾಲ್ಕೈದು ಗಂಟೆ ಸೇರಿಸಿದಂತೆ. ಈ ಕಾಲದಲ್ಲಿ ನೀರು ಬೆಳಗ್ಗೆ, ಅದೂ ಬುಡಕ್ಕೆ. ಒಣಗಿದ ಕೋಡು, ಬೀಜದ ತೆನೆ ಕೀಳುವ ಕೆಲಸ ಇಬ್ಬನಿ ಪೂರ್ತಿ ಆರಿದ ಮೇಲೆ.

ಇನ್ನು ನೆಲಮಾಳಿಗೆ. ಇಲ್ಲಿ ನಮ್ಮ ಸಹಜ ಬುದ್ಧಿ ದಾರಿ ತಪ್ಪಿಸುತ್ತದೆ. ಬಿಸಿಲು ಚೆನ್ನಾಗಿದೆ, ಕೆಳಗಿನ ಕೋಣೆ ಒಣಗಲಿ ಎಂದು ಮಧ್ಯಾಹ್ನ ಕಿಟಕಿ ತೆರೆಯುವವರೇ ಹೆಚ್ಚು. ಹೊರಗೆ 24 ಡಿಗ್ರಿ, ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಇರಬಲ್ಲ ಆವಿಯ ಮಿತಿಯಲ್ಲಿ ಈಗಿರುವ ಪಾಲು) ಶೇ. 60 ಎಂದುಕೊಳ್ಳಿ, ಚರ್ಮಕ್ಕೆ ಹಿತವಾದ ಗಾಳಿ. ಅದರ ಒಂದು ಘನ ಮೀಟರಿನಲ್ಲಿ ಸುಮಾರು 13 ಗ್ರಾಂ ಆವಿ ಇದೆ, ಇಬ್ಬನಿ ಬಿಂದು 15–16 ಡಿಗ್ರಿ. ನೆಲಮಾಳಿಗೆಯ ಗೋಡೆ 13 ಡಿಗ್ರಿಯಲ್ಲಿದ್ದರೆ ಅಲ್ಲಿ 11.4 ಗ್ರಾಂಗಿಂತ ಹೆಚ್ಚು ಆವಿ ನಿಲ್ಲಲಾರದು. ಮಿಕ್ಕಿದ್ದು ಗೋಡೆಗೆ ಅಂಟುತ್ತದೆ. ಒಣಗಿಸಲು ತೆರೆದ ಕಿಟಕಿಯಿಂದಲೇ ಗೋಡೆ ಬೆವರುತ್ತದೆ. ಈಗ ಮಂಜು ಮುಸುಕಿದ 9 ಡಿಗ್ರಿಯ ಬೆಳಗಿನ ಗಾಳಿಯನ್ನು ನೋಡಿ. ಆರ್ದ್ರತೆ ಶೇ. 100, ಮುಟ್ಟಿದ್ದೆಲ್ಲ ಒದ್ದೆ. ಆದರೂ ಅದರಲ್ಲಿರುವ ಆವಿ 9 ಗ್ರಾಂಗಿಂತ ಕಡಿಮೆ. ಅದು ಒಳಬಂದು 13 ಡಿಗ್ರಿಗೆ ಬಿಸಿಯಾದಾಗ ಆರ್ದ್ರತೆ ಸುಮಾರು ಶೇ. 77ಕ್ಕೆ ಇಳಿಯುತ್ತದೆ. ಶೇ. 80ಕ್ಕಿಂತ ಮೇಲೆ ದಿನಗಟ್ಟಲೆ ಇದ್ದರೆ ಬೂಷ್ಟು ಬೆಳೆಯುತ್ತದೆ ಎಂಬುದು ನೆನಪಿರಲಿ. ಒದ್ದೆ ಕಾಣುವ ಬೆಳಗು ಕೋಣೆಯನ್ನು ಒಣಗಿಸುತ್ತದೆ, ಒಣ ಕಾಣುವ ಮಧ್ಯಾಹ್ನ ಒದ್ದೆ ಮಾಡುತ್ತದೆ. ಹೊರಗಿನ ಇಬ್ಬನಿ ಬಿಂದು ಗೋಡೆಯ ಉಷ್ಣತೆಗಿಂತ ನಾಲ್ಕೈದು ಡಿಗ್ರಿಯಾದರೂ ಕಡಿಮೆ ಇದ್ದಾಗಲೇ ನೆಲಮಾಳಿಗೆ ತೆರೆಯಬೇಕು. ಸಾಮಾನ್ಯವಾಗಿ ಅದು ನಡುರಾತ್ರಿಯಿಂದ ಸೂರ್ಯ ಏರುವವರೆಗಿನ ಹೊತ್ತು.

ಬಟ್ಟೆ ಒಣಗಿಸುವ ಲೆಕ್ಕವೇ ಬೇರೆ. ಹೊರಗೆ ತಂತಿಯ ಮೇಲಿನ ಬಟ್ಟೆಗೆ ಬೇಕಾದದ್ದು ಕಡಿಮೆ ಸಾಪೇಕ್ಷ ಆರ್ದ್ರತೆ ಮತ್ತು ಗಾಳಿ. ಅದಕ್ಕೆ ಮಧ್ಯಾಹ್ನವೇ ಸರಿ, ಸೂರ್ಯ ಇಳಿಯುವ ಗಂಟೆ ಮೊದಲೇ ತೆಗೆದುಬಿಡಬೇಕು.

ನೆಲಮಾಳಿಗೆಗೆ ಇಳಿಯುವ ಬೆಳೆಗಳೂ ನೀರಿನ ವಿಷಯದಲ್ಲಿ ಒಂದೇ ಸ್ವಭಾವದವಲ್ಲ. ಈರುಳ್ಳಿಗೆ ಒಣ ಗಾಳಿ ಬೇಕು: ಎರಡು ಮೂರು ವಾರ ನೆರಳಲ್ಲಿ ಒಂದೇ ಪದರವಾಗಿ ಹರಡಿ, ಕತ್ತನ್ನು ಬೆರಳಲ್ಲಿ ಹಿಚುಕಿದಾಗ ಜಾರುವ ಹಸಿತನ ಇಲ್ಲ ಎನ್ನುವವರೆಗೆ ಒಣಗಿಸಬೇಕು. ಕೊಳೆ ಒಳಗಿಳಿಯುವುದು ಆ ಕತ್ತಿನಿಂದಲೇ. ಆಲೂಗಡ್ಡೆಗೆ ಮೊದಲ ಎರಡು ವಾರ ಒಣ ಗಾಳಿ ಕೇಡು. ಅಗೆಯುವಾಗ ಆದ ಗಾಯಗಳ ಮೇಲೆ ಬೆಂಡಿನಂಥ ಪದರ ಬೆಳೆಯಲು 10–15 ಡಿಗ್ರಿ, ಶೇ. 85ಕ್ಕಿಂತ ಹೆಚ್ಚಿನ ಆರ್ದ್ರತೆ, ಕತ್ತಲೆ ಬೇಕು. ಎರಡನ್ನೂ ಒಂದೇ ಮೂಲೆಯಲ್ಲಿ ಸುರಿದರೆ ಒಂದಲ್ಲ ಒಂದು ಹಾಳಾಗುತ್ತದೆ. ಕುಂಬಳವನ್ನು ಸಿಮೆಂಟು ನೆಲದ ಮೇಲೆ ನೇರವಾಗಿ ಇಡಬಾರದು. ತಣ್ಣನೆಯ ನೆಲಕ್ಕೆ ತಾಗಿದ ಅಡಿಯಲ್ಲಿ ತೇವ ಕಟ್ಟಿಕೊಂಡು, ಮೇಲೆ ಚೆನ್ನಾಗಿ ಕಾಣುವ ಕಾಯಿ ಕೆಳಗೆ ಕೊಳೆತಿರುತ್ತದೆ. ಒಂದು ಹಲಗೆ ಸಾಕು.

ಸೌದೆಯ ವಿಷಯದಲ್ಲಿ ಆತುರ ಬೇಡ. ಈಗ ಕಡಿದ ಮರ ಈ ಚಳಿಗಾಲಕ್ಕೆ ಆಗುವುದಿಲ್ಲ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅಂಥ ಒಂದು ಕಿಲೋ ಸೌದೆ ಉರಿದಾಗ ಸಿಗುವ ಶಾಖ ಸುಮಾರು 2.3 ಯೂನಿಟ್ (ಕಿಲೋವ್ಯಾಟ್-ಗಂಟೆ), ತೇವಾಂಶ ಶೇ. 20ಕ್ಕೆ ಇಳಿಯುವಂತೆ ಒಣಗಿದ ಒಂದು ಕಿಲೋದಿಂದ ಸುಮಾರು 4 ಯೂನಿಟ್. ಹಸಿ ಸೌದೆಯಲ್ಲಿ ಉರಿ ತಣ್ಣಗಾಗಿ, ಪೂರ್ತಿ ಸುಡದ ಹೊಗೆ ಆವಿಯೊಡನೆ ಸೇರಿ ಚಿಮಣಿಯ ತಣ್ಣನೆಯ ಒಳಗೋಡೆಗೆ ಟಾರಿನಂತೆ ಅಂಟುತ್ತದೆ. ಅದೂ ಒಂದು ಬಗೆಯ ಇಬ್ಬನಿಯೇ, ಆದರೆ ಬೆಂಕಿ ಹತ್ತುವ ಇಬ್ಬನಿ. ಚಿಮಣಿ ಹೊತ್ತಿಕೊಳ್ಳುವುದು ಇದರಿಂದಲೇ.

ಮರದಲ್ಲಿ ನೀರು ಎಳೆಗುಂಟ ಹರಿಯುವಷ್ಟು ಬೇಗ ಎಳೆಗೆ ಅಡ್ಡವಾಗಿ ಹರಿಯದು. ಹಾಗಾಗಿ ತುಂಡು ಗಿಡ್ಡವಾಗಿದ್ದಷ್ಟೂ, ಎಂದರೆ 30–35 ಸೆಂಟಿಮೀಟರ್, ಒಳ್ಳೆಯದು. ತೊಗಟೆ ನೀರನ್ನು ತಡೆಯುವುದರಿಂದ ಸೀಳದೆ ಒಟ್ಟಿದ ಕೊರಡು ವರ್ಷಗಟ್ಟಲೆ ಹಸಿಯಾಗೇ ಉಳಿಯಬಹುದು. 8–12 ಸೆಂಟಿಮೀಟರ್ ದಪ್ಪಕ್ಕೆ ಸೀಳಿ, ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಅಡ್ಡಪಟ್ಟಿಗಳ ಮೇಲೆ, ಗೋಡೆಯಿಂದ ಒಂದು ಅಂಗೈ ದೂರ ಬಿಟ್ಟು ಒಟ್ಟಬೇಕು. ಮುಚ್ಚುವುದು ನೆತ್ತಿಯನ್ನು ಮಾತ್ರ. ನಾಲ್ಕೂ ಕಡೆ ಟಾರ್ಪಾಲು ಇಳಿಬಿಟ್ಟರೆ ಹಗಲು ಮರದಿಂದ ಹೊರಟ ಆವಿ ರಾತ್ರಿ ಟಾರ್ಪಾಲಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಸೌದೆಯ ಮೇಲೇ ತೊಟ್ಟಿಕ್ಕುತ್ತದೆ.

ಒಣಗಿದೆಯೋ ಇಲ್ಲವೋ ತಿಳಿಯಲು ಒಂದು ತುಂಡನ್ನು ತೂಗಿ, ತೂಕವನ್ನು ಅದರ ಮೇಲೇ ಪೆನ್ಸಿಲಿನಲ್ಲಿ ಬರೆದು ಒಟ್ಟಿಲಿನ ನಡುವೆ ಇಡಿ. ಎರಡು ವಾರಕ್ಕೊಮ್ಮೆ ತೂಗಿ. ಇಳಿಯುವುದು ನಿಂತರೆ ಮರ ತನ್ನ ಸುತ್ತಲ ಗಾಳಿಯೊಡನೆ ಸಮವಾಗಿದೆ ಎಂದರ್ಥ. ಮಂಜಿನ ವಾರಗಳಲ್ಲಿ ತೂಕ ತುಸು ಏರಿದರೂ ಗಾಬರಿ ಬೇಡ. 20 ಡಿಗ್ರಿಯಲ್ಲಿ ಶೇ. 65ರ ಆರ್ದ್ರತೆಗೆ ಮರದ ತೇವಾಂಶ ಶೇ. 12ರ ಆಸುಪಾಸಿನಲ್ಲಿ ನಿಂತರೆ, ಶೇ. 90ರಲ್ಲಿ ಶೇ. 20ರ ಹತ್ತಿರ ನಿಲ್ಲುತ್ತದೆ. ಅದಕ್ಕೇ ಒಣಗಿದ್ದನ್ನು ಶರತ್ಕಾಲದ ಮೊದಲ ವಾರಗಳಲ್ಲೇ ಸೂರಿನಡಿಗೆ ಸಾಗಿಸಿಬಿಡುವುದು ಲೇಸು. ಪಿನ್ನು ಚುಚ್ಚುವ ತೇವಮಾಪಕ ಬಳಸುವುದಾದರೆ ತುಂಡನ್ನು ಹೊಸದಾಗಿ ಸೀಳಿ ಒಳಮೈಯಲ್ಲಿ ಚುಚ್ಚಬೇಕು. ಹೊರಮೈಯ ಅಂಕಿ ಮೋಸದ್ದು.

ಕೊನೆಗೆ, ಇಡೀ ಮನೆಯಲ್ಲೇ ಅತಿ ಚಿಕ್ಕ ದಾಸ್ತಾನು: ಬೀಜ. ಬೀಜದ ತೇವಾಂಶ ಶೇ. 1 ಇಳಿದರೆ ಆಯಸ್ಸು ದುಪ್ಪಟ್ಟು, ಉಷ್ಣತೆ 5 ಡಿಗ್ರಿ ಇಳಿದರೆ ಮತ್ತೆ ದುಪ್ಪಟ್ಟು ಎಂದು ಬೀಜ ವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಹೇಳಿದ ಸ್ಥೂಲ ನಿಯಮ ತೇವಾಂಶ ಶೇ. 5ರಿಂದ 14ರ ನಡುವೆ ಇರುವಾಗ ಅನ್ವಯಿಸುತ್ತದೆ. ಹುರುಳಿಕಾಯಿಯ ಬೀಜವನ್ನು ಸುತ್ತಿಗೆಯಲ್ಲಿ ಕುಟ್ಟಿದರೆ ಚೂರಾಗಬೇಕು. ಚಪ್ಪಟೆಯಾದರೆ ಇನ್ನೂ ಒಣಗಿಲ್ಲ. ಒಣಗಿಸುವಾಗ 35 ಡಿಗ್ರಿ ಮೀರಬಾರದು, ಭ್ರೂಣಕ್ಕೆ ಪೆಟ್ಟಾಗುತ್ತದೆ. ಕಾಗದದ ಲಕೋಟೆಗಳಲ್ಲಿ ಬೀಜವನ್ನೂ, ಅದರಷ್ಟೇ ತೂಕದ ಸಿಲಿಕಾ ಜೆಲ್ಲನ್ನೂ ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ಒಂದು ವಾರ ಇಟ್ಟು, ಆಮೇಲೆ ಜೆಲ್ ಇಲ್ಲದ ಇನ್ನೊಂದು ಒಣ ಭರಣಿಗೆ ಸಾಗಿಸಿ ಫ್ರಿಜ್ಜಿನಲ್ಲಿಡಬಹುದು.

ಇಷ್ಟೆಲ್ಲ ಮಾಡಿದವರೂ ಎಡವುವುದು ಭರಣಿ ತೆರೆಯುವಾಗ. 5 ಡಿಗ್ರಿಯ ಭರಣಿಯನ್ನು ಫ್ರಿಜ್ಜಿನಿಂದ ತೆಗೆದೊಡನೆ ಮುಚ್ಚಳ ತಿರುಗಿಸಿದರೆ ಕೋಣೆಯ ಗಾಳಿ ಒಳನುಗ್ಗಿ ತಣ್ಣನೆಯ ಬೀಜದ ಮೇಲೆ, ಹುಲ್ಲಿನ ಮೇಲೆ ಕೂತಂತೆಯೇ ಇಬ್ಬನಿ ಕೂರುತ್ತದೆ. ವಾರವಿಡೀ ತೆಗೆದ ತೇವ ಒಂದೇ ಗಳಿಗೆಯಲ್ಲಿ ವಾಪಸು. ರಾತ್ರಿ ಭರಣಿಯನ್ನು ಹಾಗೇ ಮುಚ್ಚಿದಂತೆ ಮೇಜಿನ ಮೇಲಿಟ್ಟು, ಬೆಳಗ್ಗೆ ಗಾಜಿನ ಹೊರಮೈ ಒಣಗಿ ಕೋಣೆಯಷ್ಟೇ ಬೆಚ್ಚಗಾದ ಮೇಲೆ ಮುಚ್ಚಳ ತೆಗೆಯಬೇಕು.