ಅಂಗೈಯಗಲದ ಕಲ್ಲಿನಲ್ಲಿ ಭೂಕಂಪ ಕಾಣುತ್ತದೆಯೇ?

ಓದುಗರ ಪ್ರಶ್ನೆ: ವಿಜ್ಞಾನಿಗಳು ಲ್ಯಾಬಿನಲ್ಲಿ ಸಣ್ಣ ಕಲ್ಲುಗಳನ್ನು ಒತ್ತಿ, ಉಜ್ಜಿ ಭೂಕಂಪದ ಅಧ್ಯಯನ ಮಾಡ್ತಾರಂತೆ. ನಿಜವಾದ ಭೂಕಂಪ ನೂರಾರು ಕಿಲೋಮೀಟರ್ ಉದ್ದದ ಬಿರುಕಿನಲ್ಲಿ ಆಗುತ್ತದೆ ಅಲ್ವಾ? ಇಷ್ಟು ಚಿಕ್ಕ ಕಲ್ಲಿನಿಂದ ಏನು ತಿಳಿದೀತು?

ಯಾವಾಗ ಆಗುತ್ತದೆ ಅನ್ನುವುದು ತಿಳಿಯುವುದಿಲ್ಲ. ಹೇಗೆ ಆಗುತ್ತದೆ ಅನ್ನುವುದು ಮಾತ್ರ ಬಹಳಷ್ಟು ತಿಳಿಯುತ್ತದೆ. ಹತ್ತು ಕಿಲೋಮೀಟರ್ ಆಳಕ್ಕೆ ಇಳಿದು, ಬಂಡೆ ಜಾರುವುದನ್ನು ಕಣ್ಣಾರೆ ನೋಡಲು ಸಾಧ್ಯವಿಲ್ಲ. ಹಾಗಾಗಿ ಅಲ್ಲಿನ ಒತ್ತಡ, ಬಿಸಿ, ನೀರು ಎಲ್ಲವನ್ನೂ ಕಲ್ಲಿನ ತುಂಡಿಗೇ ಕೊಟ್ಟು ನೋಡುತ್ತಾರೆ.

ಭಾರದ ಮೇಜನ್ನು ನೆಲದ ಮೇಲೆ ಎಳೆದಾಗ ತಡೆದು, ಜಾರಿ, ಮತ್ತೆ ತಡೆದು ಕಿರ್ರೆನ್ನುತ್ತದಲ್ಲ, ಭೂಕಂಪವೂ ಬಹುಪಾಲು ಹಾಗೆಯೇ. 1966ರಲ್ಲಿ ಬ್ರೇಸ್ ಮತ್ತು ಬೈಯರ್ಲಿ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಮುಂದಿಟ್ಟರು. ಹೆಚ್ಚಿನ ಭೂಕಂಪಗಳಲ್ಲಿ ಗಟ್ಟಿ ಬಂಡೆ ಹೊಸದಾಗಿ ಒಡೆಯುವುದಿಲ್ಲ, ಹಳೆಯ ಬಿರುಕೇ ಮತ್ತೆ ಮತ್ತೆ ಅಂಟಿ ಜಾರುತ್ತದೆ ಎಂಬುದು ಅವರ ವಾದ. ಈ ಬಿರುಕನ್ನೇ ಫಾಲ್ಟ್ ಅನ್ನುತ್ತಾರೆ. ಮುಂದೆ 1978ರಲ್ಲಿ ಬೈಯರ್ಲಿ ಬಗೆಬಗೆಯ ಬಂಡೆಗಳ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಜೇಡಿಯಂಥ ಕೆಲವು ಖನಿಜಗಳನ್ನು ಬಿಟ್ಟರೆ ಯಾವ ಕಲ್ಲಾದರೂ ಘರ್ಷಣೆ ಹೆಚ್ಚುಕಡಿಮೆ ಒಂದೇ. ಒತ್ತುವ ಬಲದ 0.6ರಿಂದ 0.85 ಪಾಲು.

ಆದರೆ ಆಟ ಇರುವುದು ಈ ಸಂಖ್ಯೆಯಲ್ಲಲ್ಲ, ಅದು ಬದಲಾಗುವ ರೀತಿಯಲ್ಲಿ. ಎರಡು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟರೆ ಅವು ನಿಜವಾಗಿ ತಾಗುವುದು ಅಲ್ಲೊಂದು ಇಲ್ಲೊಂದು ಚುಕ್ಕೆಯಲ್ಲಿ ಮಾತ್ರ. ಅಲುಗದೆ ಬಿಟ್ಟಷ್ಟೂ ಆ ಚುಕ್ಕೆಗಳು ನಿಧಾನಕ್ಕೆ ಅಗಲವಾಗುತ್ತವೆ, ಹಿಡಿತ ಬಿಗಿಯಾಗುತ್ತದೆ. 1970ರ ದಶಕದಲ್ಲಿ ಡೀಟರಿಕ್ ಎಂಬ ವಿಜ್ಞಾನಿ ಇದನ್ನು ಅಳೆದರು. ಬಿಟ್ಟ ಹೊತ್ತು ಹತ್ತು ಪಟ್ಟಾದರೆ ಹಿಡಿತ ಒಂದು ಮೆಟ್ಟಿಲು ಏರುತ್ತದೆ, ನೂರು ಪಟ್ಟಾದರೆ ಎರಡು ಮೆಟ್ಟಿಲು. ಒಮ್ಮೆ ಜಾರಿದ ಫಾಲ್ಟ್ ಮತ್ತೆ ಗಟ್ಟಿಯಾಗುವುದು ಹೀಗೆ.

ಇನ್ನೊಂದು ವಿಷಯ ವೇಗ. ಜಾರುವ ವೇಗ ಹತ್ತು ಪಟ್ಟಾದರೆ ಘರ್ಷಣೆ ಬದಲಾಗುವುದು ನೂರಕ್ಕೆ ಒಂದೆರಡು ಪಾಲು, ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಿಸಬಹುದು. ಆದರೆ ತೀರ್ಮಾನ ಆಗುವುದೇ ಇಲ್ಲಿ. ವೇಗ ಏರಿದಂತೆ ಘರ್ಷಣೆಯೂ ಏರಿದರೆ ಫಾಲ್ಟ್ ತನಗೆ ತಾನೇ ಬ್ರೇಕ್ ಹಾಕಿಕೊಂಡು ತೆವಳುತ್ತದೆ. ಘರ್ಷಣೆ ಇಳಿದರೆ, ಹಾಗೆ ಇಳಿಯುವ ಭಾಗ ಸಾಕಷ್ಟು ದೊಡ್ಡದಿದ್ದರೆ, ಜಾರಿಕೆ ಕೈಮೀರುತ್ತದೆ. ಗ್ರಾನೈಟನ್ನು ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಮಾಡಿದರೆ ಅದು ಕೈಮೀರುವ ಗುಂಪಿನಿಂದ ತೆವಳುವ ಗುಂಪಿಗೆ ಜಿಗಿಯುತ್ತದೆ. ನೆಲದಡಿ ಆಳಕ್ಕೆ ಹೋದಂತೆ ಬಿಸಿ ಏರುತ್ತದಲ್ಲ, ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಫಾಲ್ಟಿನ ಭೂಕಂಪಗಳು ಹೆಚ್ಚಾಗಿ 15 ಕಿಲೋಮೀಟರ್ ಆಳದ ಆಸುಪಾಸಿಗೇ ನಿಂತುಬಿಡಲು ಇದು ಮುಖ್ಯ ಕಾರಣ. ಚಿಕ್ಕ ಕಲ್ಲು ಕೊಟ್ಟ ಉತ್ತರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಈ ಪ್ರಯೋಗಗಳು ನಡೆದದ್ದು ಬಹಳ ನಿಧಾನದ ವೇಗದಲ್ಲಿ. ನಿಜವಾದ ಭೂಕಂಪದಲ್ಲಿ ಬಂಡೆ ಸೆಕೆಂಡಿಗೆ ಸುಮಾರು ಒಂದು ಮೀಟರ್ ಜಾರುತ್ತದೆ. ಆ ವೇಗದಲ್ಲಿ ಮೀಟರುಗಟ್ಟಲೆ ಉಜ್ಜಲು ಉದ್ದದ ಕಲ್ಲು ಎಲ್ಲಿಂದ ತರುವುದು? ಅದಕ್ಕೇ ಎರಡು ಉಂಗುರಗಳನ್ನು ಎದುರುಬದುರಾಗಿ ಒತ್ತಿ ಗಿರಗಿರನೆ ತಿರುಗಿಸುವ ಯಂತ್ರ ಮಾಡಿಕೊಂಡರು. ಅದರಲ್ಲಿ ಘರ್ಷಣೆ 0.6ರಿಂದ 0.2, 0.1ರವರೆಗೂ ಕುಸಿಯಿತು. ತಾಗುವ ಚುಕ್ಕೆಗಳು ಕ್ಷಣದಲ್ಲಿ ಕಾದು ಸೋಲುತ್ತವೆ. ಕೆಲವೊಮ್ಮೆ ಕಲ್ಲೇ ಕರಗಿ ಎಣ್ಣೆಯ ಕೆಲಸ ಮಾಡುತ್ತದೆ.

ಇದು ನೆಲದಡಿಯೂ ನಿಜವೇ? ಪರೀಕ್ಷಿಸಲು ಒಂದು ಅಪರೂಪದ ಅವಕಾಶ ಸಿಕ್ಕಿತು. 2011ರ ಜಪಾನ್ ಭೂಕಂಪದಲ್ಲಿ ಸಮುದ್ರದ ತಗ್ಗಿನ ಬಳಿ ಫಾಲ್ಟ್ ಸುಮಾರು 50 ಮೀಟರ್ ಜಾರಿತ್ತು. ಮರುವರ್ಷವೇ ಚಿಕ್ಯು ಎಂಬ ಹಡಗು ಸುಮಾರು 6,900 ಮೀಟರ್ ನೀರಿನಡಿ, ತಳದಿಂದ 800 ಮೀಟರಿಗೂ ಆಳಕ್ಕೆ ಕೊರೆದು ಆ ಫಾಲ್ಟಿನ ಮಾದರಿ ತಂದಿತು. ಸಿಕ್ಕಿದ್ದು ತೆಳುವಾದ ಜೇಡಿಯ ಪದರ. ಲ್ಯಾಬಿನಲ್ಲಿ ವೇಗವಾಗಿ ಉಜ್ಜಿದಾಗ ಅದರ ಘರ್ಷಣೆ ತೀರಾ ಕಡಿಮೆ ಬಂತು. ಕೊರೆದ ರಂಧ್ರದಲ್ಲಿ ಇಳಿಬಿಟ್ಟ ಥರ್ಮಾಮೀಟರುಗಳು ಜಾರುವಾಗಿನ ಉಜ್ಜಾಟದಿಂದ ಉಳಿದ ಬಿಸಿಯನ್ನು ಅಳೆದವು. ಅದರಿಂದ ಲೆಕ್ಕ ಹಾಕಿದರೂ 0.1ಕ್ಕಿಂತ ಕಡಿಮೆ. ಎರಡು ಬೇರೆ ದಾರಿ, ಒಂದೇ ಉತ್ತರ.

ಹಾಗಂತ ಗಾತ್ರದ ತೊಂದರೆ ಇಲ್ಲವೆಂದಲ್ಲ. ಅಂಗೈಯಗಲದ ಕಲ್ಲು ಇಡಿಯಾಗಿ ಒಮ್ಮೆಲೇ ಜಾರುತ್ತದೆ. ನಿಜವಾದ ಫಾಲ್ಟ್ ಒಂದು ಕಡೆ ಬಿಟ್ಟುಕೊಂಡು ಉಳಿದ ಕಡೆಗೆ ಹರಡುತ್ತದೆ. ಆ ಓಟವನ್ನು ನೋಡಲೆಂದೇ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಎರಡು ಮೀಟರ್ ಉದ್ದದ ಗ್ರಾನೈಟ್ ದಿಮ್ಮಿಯನ್ನು, ಕಾರ್ನೆಲ್ ವಿಶ್ವವಿದ್ಯಾಲಯ ಮೂರು ಮೀಟರಿನದನ್ನು ಇಟ್ಟುಕೊಂಡಿವೆ.

2017ರಲ್ಲಿ ಲ್ಯಾಬ್ ಫಾಲ್ಟಿನ ಸಣ್ಣ ಸದ್ದುಗಳನ್ನು ಕೇಳಿಸಿ, ಮುಂದಿನ ಜಾರಿಕೆಗೆ ಎಷ್ಟು ಹೊತ್ತು ಉಳಿದಿದೆ ಅಂತ ಕಂಪ್ಯೂಟರಿನಿಂದ ಹೇಳಿಸಿದರು. ಸುದ್ದಿಯೂ ಜೋರಾಯಿತು. ಆದರೆ ಆ ಫಾಲ್ಟ್ ನೇರವಾದದ್ದು, ಅದನ್ನು ಯಂತ್ರ ಒಂದೇ ಸಮನೆ ಎಳೆಯುತ್ತದೆ, ಅದು ಪದೇ ಪದೇ ಜಾರುತ್ತದೆ. ನೆಲದಡಿಯ ಫಾಲ್ಟ್ ಅಂಕುಡೊಂಕು, ಜಾಗಜಾಗಕ್ಕೆ ಕಲ್ಲು ಬೇರೆ, ನೀರು ಬೇರೆ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡನ್ನೇ ನೋಡಿ. 1857ರಿಂದ 1966ರವರೆಗೆ ಅಲ್ಲಿ ಸರಾಸರಿ 22 ವರ್ಷಕ್ಕೊಮ್ಮೆ ಒಂದೇ ಗಾತ್ರದ ಭೂಕಂಪ ಆಗಿತ್ತು. ಮುಂದಿನದು 1993ರೊಳಗೆ ಬರುತ್ತದೆಂದು ನೆಲದ ತುಂಬ ಉಪಕರಣ ಇಟ್ಟು ಕಾದರು. ಬಂದದ್ದು 2004ರ ಸೆಪ್ಟೆಂಬರಿನಲ್ಲಿ. ಅಷ್ಟು ಉಪಕರಣಗಳಿದ್ದರೂ ಮುನ್ಸೂಚನೆ ಎನ್ನಬಹುದಾದ ಸ್ಪಷ್ಟ ಗುರುತೇನೂ ಅವಕ್ಕೆ ಸಿಗಲಿಲ್ಲ.