ಅಪ್ಪ ಅಮ್ಮ ಇಲ್ಲದ ಜಾಗ: ಚೀನಾದ ಹದಿಹರೆಯದವರ ಸೋಷಿಯಲ್ ಮೀಡಿಯಾ

‘ಚೀನಾದಲ್ಲಿ ಎಲ್ಲರೂ ವೀಚಾಟ್ ಬಳಸುತ್ತಾರೆ.’ ವೀಚಾಟ್ ಎಂದರೆ ಅಲ್ಲಿನ ವಾಟ್ಸ್ಆ್ಯಪ್ ಥರದ ಆ್ಯಪ್. ಚೀನಾದ ಬಗ್ಗೆ ಕೇಳಿದರೆ ಉತ್ತರ ಪತ್ರಿಕೆಯಲ್ಲಿ ನಾವು ಸುಮ್ನೆ ಬರೆದುಬಿಡುವ ವಾಕ್ಯ ಇದು. ದೊಡ್ಡವರ ಮಟ್ಟಿಗೆ ಸರಿ. ಹೈಸ್ಕೂಲು ಮಕ್ಕಳ ವಿಷಯಕ್ಕೆ ಬಂದರೆ ಅರ್ಧ ಸರಿ.

ಫೇಸ್‌ಬುಕ್, ಯೂಟ್ಯೂಬ್ ಅಲ್ಲಿ 2009ರಿಂದ ಬಂದ್. ಇನ್‌ಸ್ಟಾಗ್ರಾಂ 2014ರಿಂದ. ಇವತ್ತಿನ ಹದಿನೈದರ ಹುಡುಗಿಗೆ ಇವು ಇಲ್ಲ ಎಂಬ ಕೊರಗೇನೂ ಇರಲಾರದು, ಅವಳು ಬಳಸಿಯೇ ಇಲ್ಲವಲ್ಲ.

ಈಗ ಮುಖ್ಯ ವಿಷಯ. ಟೆನ್ಸೆಂಟ್ ಎಂಬ ಒಂದೇ ಕಂಪನಿಗೆ ಎರಡು ಚಾಟ್ ಆ್ಯಪ್‌ಗಳಿವೆ. ಕ್ಯೂಕ್ಯೂ ಬಂದದ್ದು 1999ರಲ್ಲಿ, ವೀಚಾಟ್ 2011ರಲ್ಲಿ. ಹೊಸದು ಬಂದ ಮೇಲೆ ಹಳೆಯದು ಮೂಲೆ ಸೇರಬೇಕಿತ್ತು ಅಲ್ವಾ? ಸೇರಲಿಲ್ಲ. ಯಾಕೆಂದರೆ ವೀಚಾಟ್‌ನಲ್ಲಿ ಅಪ್ಪನ ಆಫೀಸು ಗ್ರೂಪ್ ಇದೆ, ತರಕಾರಿಯವನಿಗೆ ದುಡ್ಡು ಕೊಡುವುದೂ ಅಲ್ಲೇ, ಕ್ಲಾಸ್ ಟೀಚರ್ ಅಲ್ಲೇ, ಅಜ್ಜಿಯೂ ಅಲ್ಲೇ. ನಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪ್ ನೆನಪಿಸಿಕೊಳ್ಳಿ. ಅಲ್ಲಿ ಮನಸ್ಸಿನ ಮಾತು ಯಾರು ಬರೆಯುತ್ತಾರೆ?

ಹಾಗಾಗಿ ಮಕ್ಕಳು ಕ್ಯೂಕ್ಯೂನಲ್ಲಿ ಉಳಿದರು. ಅಲ್ಲಿ ಅಡ್ಡಹೆಸರು ಇಟ್ಟುಕೊಳ್ಳಬಹುದು. ಗೆಳೆಯರಿಬ್ಬರು ದಿನ ತಪ್ಪದೆ ಮಾತಾಡಿದರೆ ಹೆಸರಿನ ಪಕ್ಕ ‘ಕಿಡಿ’ ಹೊತ್ತಿಕೊಳ್ಳುತ್ತದೆ, ಬಿಟ್ಟರೆ ಆರುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಶಾಲೆಗಳ ‘ಪ್ರೀತಿ ಹೇಳುವ ಗೋಡೆ’. ಅದೊಂದು ಕ್ಯೂಕ್ಯೂ ಖಾತೆ ಅಷ್ಟೆ, ಸಾಮಾನ್ಯವಾಗಿ ವಿದ್ಯಾರ್ಥಿಗಳೇ ನಡೆಸುತ್ತಾರೆ. ನೀವು ಕಳಿಸಿದ್ದನ್ನು ನಿಮ್ಮ ಹೆಸರಿಲ್ಲದೆ ಹಾಕುತ್ತಾರೆ. ಹೆಸರಿಗೆ ಪ್ರೀತಿ, ಆದರೆ ಕಳೆದುಹೋದ ಐಡಿ ಕಾರ್ಡು, ಕ್ಯಾಂಟೀನ್ ಊಟದ ಗೊಣಗಾಟ ಎಲ್ಲವೂ ಅಲ್ಲಿಗೇ ಬರುತ್ತದೆ.

ಇನ್ನು ಸಮಯ. 2021ರ ಫೆಬ್ರುವರಿಯಲ್ಲಿ ಶಿಕ್ಷಣ ಸಚಿವಾಲಯ ಶಾಲೆಗೆ ಮೊಬೈಲ್ ತರುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ತರಲೇಬೇಕಾದರೆ ಪೋಷಕರ ಒಪ್ಪಿಗೆ ಪತ್ರ ಬೇಕು. ಎಷ್ಟೋ ಮಕ್ಕಳು ಹಾಸ್ಟೆಲಿನಲ್ಲಿ ಇರುತ್ತಾರೆ. ಬಳಕೆಯೆಲ್ಲ ವಾರಾಂತ್ಯ, ರಜೆಗಳಲ್ಲಿ ಗುಡ್ಡೆ ಬೀಳುತ್ತದೆ. ‘ದಿನಕ್ಕೆ ಸರಾಸರಿ ಇಷ್ಟು ನಿಮಿಷ’ ಎಂಬ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ.

ಎರಡು ನಿಯಮಗಳನ್ನು ಕಲಸಬೇಡಿ, ನಾನೇ ಒಮ್ಮೆ ಕಲಸಿದ್ದೆ. 2021ರ ಸೆಪ್ಟೆಂಬರ್‌ನಿಂದ 18ರ ಒಳಗಿನವರಿಗೆ ಆನ್‌ಲೈನ್ ಆಟ ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ. ಇದು ಸರ್ಕಾರದ್ದು. ಅದೇ ತಿಂಗಳು ಡೌಯಿನ್ (ಟಿಕ್‌ಟಾಕ್‌ನ ಚೀನೀ ರೂಪ) 14ರ ಒಳಗಿನವರಿಗೆ ದಿನಕ್ಕೆ 40 ನಿಮಿಷ ಎಂದಿತು. ಇದು ಕಂಪನಿಯದ್ದು. ಎರಡೂ ನಿಂತಿರುವುದು ಖಾತೆಗೆ ಕೊಟ್ಟ ಗುರುತಿನ ಚೀಟಿಯ ಮೇಲೆ. ಅಜ್ಜನ ಚೀಟಿ ಕೈಗೆ ಸಿಕ್ಕರೆ ಮೊಮ್ಮಗನಿಗೂ ಅಜ್ಜನ ವಯಸ್ಸು!

ಕೊನೆಗೆ ಬಿಲಿಬಿಲಿ. ಈ ವಿಡಿಯೊ ಆ್ಯಪ್‌ನಲ್ಲಿ ಪೂರ್ಣ ಸದಸ್ಯರಾಗಲು 100 ಪ್ರಶ್ನೆಗಳ ಪರೀಕ್ಷೆ ಇದೆ, ಪಾಸಾಗಲು 60 ಅಂಕ. ಅನಿಮೆ (ಜಪಾನಿ ಶೈಲಿಯ ಕಾರ್ಟೂನ್), ಗೇಮ್ ಬಗ್ಗೆಯೂ ಕೇಳುತ್ತಾರೆ. ದಿನವಿಡೀ ಪರೀಕ್ಷೆಗೆ ಓದುವ ಮಕ್ಕಳು ಇಷ್ಟಪಟ್ಟು ಬರೆಯುವ ಪರೀಕ್ಷೆ ಅದು. ಅಪ್ಪ ಅಮ್ಮ ಕೂತರೆ ಬಹುಶಃ ಫೇಲು.