ಗಡಿಯಾರ ನೋಡಿ ಕಾಲ್ಮಡಿಗೆ

ನನ್ನ ಸೋದರತ್ತೆಯ ಮಗ ಬ್ಯಾಡಗಿ ಹತ್ತಿರದ ಹಳ್ಳಿಯವನು. ಆರು ವರ್ಷದ ಹಿಂದೆ ಹುಣಸೆಹಣ್ಣು ಉದುರಿಸಲು ಮರ ಹತ್ತಿದ್ದ. ಕೊಂಬೆ ಮುರಿದು ಬೆನ್ನಡಿಯಾಗಿ ಬಿದ್ದ. ಪಕ್ಕೆಲುಬು ಮುಗಿಯುವ ಮಟ್ಟದಲ್ಲಿ ಬೆನ್ನಿನ ಮೂಳೆ ಮುರಿದು, ಒಳಗಿನ ಬೆನ್ನುಹುರಿ ಜಜ್ಜಿಹೋಯಿತು. ಸೊಂಟದ ಕೆಳಗೆ ಅಲುಗಾಟವಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ.

ನೋಡಲು ಬಂದವರದೆಲ್ಲ ಒಂದೇ ಪ್ರಶ್ನೆ. "ನಡೀತಾನೇನು?" ಒಂದು ದಿನ ಎಲ್ಲರೂ ಚಹಾ ಕುಡಿದು ಎದ್ದು ಹೋದ ಮೇಲೆ ಅವನು ನನಗೆ ಹೇಳಿದ: "ನಡಿಯೂದು ಆಮ್ಯಾಲ ನೋಡೂಣು. ಮೊದ್ಲ ಕಾಲ್ಮಡಿ ನನ್ನ ಕೈಯಾಗ ಬರ್ಲಿ. ಹಾಸಿಗಿ ಒದ್ದಿ ಆದಾಗೆಲ್ಲ ಅವ್ವನ್ನ ಕರೀಬೇಕು."

ಇದು ಅವನೊಬ್ಬನ ಮಾತಲ್ಲ. ಅಮೆರಿಕದಲ್ಲಿ ಕಿಮ್ ಆಂಡರ್ಸನ್ ಅನ್ನುವ ವಿಜ್ಞಾನಿ ಇದ್ದಾರೆ. ಅವರಿಗೂ ಬೆನ್ನುಹುರಿಗೆ ಪೆಟ್ಟಾಗಿದೆ. 2004ರಲ್ಲಿ ಅವರು ಇಂಥದೇ ಗಾಯದ 681 ಜನರನ್ನು ಕೇಳಿದರು, ಯಾವುದು ಮರಳಿ ಬಂದರೆ ನಿಮ್ಮ ಬದುಕು ಹೆಚ್ಚು ಸುಧಾರಿಸುತ್ತದೆ ಅಂತ. ಕೈಗಳ ಬಲವೂ ಹೋದವರು ಮೊದಲು ಕೈ ಬೇಕು ಅಂದರು. ಕಾಲು ಮಾತ್ರ ಹೋದವರಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಲೈಂಗಿಕ ಬದುಕಿಗೆ. ಮೂತ್ರ, ಮಲದ ಹಿಡಿತ ಎರಡೂ ಗುಂಪಿನಲ್ಲಿ ಮೇಲಿನ ಸಾಲಿನಲ್ಲೇ ಇತ್ತು. ನಡಿಗೆ ನಾವು ಅಂದುಕೊಂಡಷ್ಟು ಮೇಲೆ ಇರಲಿಲ್ಲ.

ಹಾಗಾದರೆ ಈ ಹಿಡಿತ ಇರೋದು ಎಲ್ಲಿ?

ಮೂತ್ರಕೋಶವನ್ನು ಒಂದು ಸಣ್ಣ ಕೆರೆ ಅಂದುಕೊಳ್ಳಿ. ಕಿಡ್ನಿಗಳಿಂದ ನಿಮಿಷಕ್ಕೆ ಸುಮಾರು 1 ಮಿಲಿಲೀಟರ್ ಬಂದು ಸೇರುತ್ತಲೇ ಇರುತ್ತದೆ. ಕೆಳಗೆ ಒಂದು ತೂಬು. ಕೆರೆಯ ಏರಿ ತಾನಾಗಿ ನೀರನ್ನು ಹಿಂಡುವುದಿಲ್ಲ, ಮೂತ್ರಕೋಶದ ಗೋಡೆ ಹಿಂಡುತ್ತದೆ. ತುಂಬುವಾಗ ಗೋಡೆ ಸಡಿಲ, ತೂಬು ಬಿಗಿ. ಖಾಲಿ ಮಾಡುವಾಗ ಗೋಡೆ ಬಿಗಿ, ತೂಬು ಸಡಿಲ. ಎರಡೂ ಒಟ್ಟಿಗೆ ಬಿಗಿಯಾಗಬಾರದು, ಅಷ್ಟೇ.

ಗೋಡೆಗೆ ಹಿಂಡು ಅನ್ನುವ ನರಗಳು ಬೆನ್ನುಹುರಿಯ ತುದಿಯಿಂದ ಹೊರಡುತ್ತವೆ. ಆದರೆ ಯಾವಾಗ ಅನ್ನುವ ಅಪ್ಪಣೆ ಮೇಲಿನದು. ಲಂಡನ್ನಿನ ಬ್ಯಾರಿಂಗ್ಟನ್ ಎಂಬ ವೈದ್ಯರು 1920ರ ದಶಕದಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಮಿದುಳಿನ ಕಾಂಡದಲ್ಲಿ ಒಂದು ಸಣ್ಣ ಜಾಗ ಗುರುತಿಸಿದರು. ಗೋಡೆ ಹಿಂಡುವುದಕ್ಕೂ ತೂಬು ತೆರೆಯುವುದಕ್ಕೂ ತಾಳ ಹಾಕುವುದು ಆ ಜಾಗ. ಬಸ್ಸಿನಲ್ಲಿ ಕೂತವರು ಧಾರವಾಡ ಬರುವತನಕ ತಡೆದುಕೊಳ್ಳುವುದು ಅದಕ್ಕೂ ಮೇಲಿನ ಮಿದುಳಿನ ಮಾತು ಕೇಳಿ.

ಬೆನ್ನುಹುರಿ ಮಧ್ಯದಲ್ಲಿ ಜಜ್ಜಿದರೆ ಈ ಅಪ್ಪಣೆ ತರುವ ತಂತಿ ಕಡಿಯುತ್ತದೆ. ಮೊದಲ ಕೆಲವು ವಾರ ಮೂತ್ರಕೋಶ ಸತ್ತಂತೆ ಬಿದ್ದಿರುತ್ತದೆ. ತುಂಬುತ್ತದೆ, ಹಿಂಡುವುದಿಲ್ಲ. ಆಮೇಲೆ ಒಂದು ದಿನ ತಾನಾಗಿ ಹಿಂಡಲು ಶುರುಮಾಡುತ್ತದೆ. ಮನೆಯವರು ಖುಷಿಪಡುತ್ತಾರೆ. ನಮ್ಮತ್ತೆ ದೇವರಿಗೆ ಕಾಯಿ ಒಡೆಸಿದ್ದರು. ನಿಜವಾಗಿ ಅಪಾಯ ಶುರುವಾಗುವುದು ಅಲ್ಲಿಂದಲೇ. ತಾಳ ಹಾಕುವವರು ಇಲ್ಲವಲ್ಲ, ಗೋಡೆಯೂ ತೂಬೂ ಒಟ್ಟಿಗೆ ಬಿಗಿಯುತ್ತವೆ. ಮುಚ್ಚಳ ತೆಗೆಯದೇ ಪೇಸ್ಟಿನ ಟ್ಯೂಬ್ ಹಿಂಡಿದ ಹಾಗೆ. ಸ್ವಲ್ಪ ಸೋರುತ್ತದೆ, ಉಳಿದ ಒತ್ತಡ ಹಿಂದಕ್ಕೆ, ಕಿಡ್ನಿಯ ಕಡೆಗೆ. ನೋವು ಗೊತ್ತಾಗದ ದೇಹದಲ್ಲಿ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ. ಹಳೆಯ ಕಾಲದಲ್ಲಿ ಇಂಥ ಗಾಯದವರು ಜಾಸ್ತಿ ಸಾಯುತ್ತಿದ್ದದ್ದು ಕಿಡ್ನಿ ಕೆಟ್ಟು, ಇಲ್ಲವೇ ಹಾಸಿಗೆಹುಣ್ಣಿನಿಂದ. ಕಿಬ್ಬೊಟ್ಟೆ ಒತ್ತಿ ಮೂತ್ರ ಮಾಡಿಸುವುದು ನಮ್ಮ ಕಡೆ ಇನ್ನೂ ಇದೆ. ತೂಬು ಬಿಗಿಯಾದವರಿಗೆ ಅದು ಒತ್ತಡ ಇನ್ನಷ್ಟು ಏರಿಸುತ್ತದೆ.

ತಾನಾಗಿ ಹಿಂಡು ಅಂತ ಹೇಳುವವರು ಯಾರು? ಮೂತ್ರಕೋಶದ ಗೋಡೆಯಲ್ಲಿ 'ಸಿ' ಅನ್ನುವ ಸಪೂರ ನರದ ಎಳೆಗಳಿವೆ. ಆರೋಗ್ಯವಂತರಲ್ಲಿ ಅವು ಹೆಚ್ಚಾಗಿ ಸುಮ್ಮನಿರುತ್ತವೆ, ಉರಿ ನೋವು ಬಂದಾಗ ಮಾತ್ರ ಎದ್ದು ಕೂಗುತ್ತವೆ. ಬೆನ್ನುಹುರಿ ಕಡಿದ ಮೇಲೆ ಈ ಎಳೆಗಳು ಯಜಮಾನಿಕೆ ಹಿಡಿಯುತ್ತವೆ. ಸ್ವಲ್ಪ ತುಂಬಿದರೂ ಸಾಕು, ಬೆನ್ನುಹುರಿಯ ತುದಿಗೆ ಸುದ್ದಿ ಮುಟ್ಟಿಸಿ ಅಲ್ಲಿಂದಲೇ ಹಿಂಡಿಸುತ್ತವೆ.

ಇಲ್ಲಿ ಬ್ಯಾಡಗಿಯವರು ಕಿವಿ ನೆಟ್ಟಗೆ ಮಾಡಬೇಕು. ಈ ಎಳೆಗಳನ್ನು ಕೆರಳಿಸುವ ವಸ್ತು ಯಾವುದು ಗೊತ್ತಾ? ಮೆಣಸಿನಕಾಯಿಯ ಖಾರ, ಕ್ಯಾಪ್ಸೈಸಿನ್. ಒಂದು ಸಲ ಚೆನ್ನಾಗಿ ಕೆರಳಿಸಿದರೆ ಎಳೆಗಳು ದಣಿದು ಬಹಳ ದಿನ ಮಂಕಾಗುತ್ತವೆ. ಲಂಡನ್ನಿನ ಕ್ಲೇರ್ ಫೌಲರ್ ಮತ್ತು ಸಂಗಡಿಗರು ಇದನ್ನೇ ಹಿಡಿದು, ಪೈಪಿನ ಮೂಲಕ ರೋಗಿಗಳ ಮೂತ್ರಕೋಶಕ್ಕೆ ಕ್ಯಾಪ್ಸೈಸಿನ್ ದ್ರಾವಣ ಬಿಟ್ಟು ನೋಡಿದರು. 1992ರಲ್ಲಿ ವರದಿಯೂ ಬಂತು. ಕೆಲವರಲ್ಲಿ ಹಿಡಿತ ಸುಧಾರಿಸಿತು. ಆದರೆ ಅರಿವು ಉಳಿದವರಿಗೆ ಆ ಉರಿ ಹೇಗಿರಬೇಕು! ಚಿಕಿತ್ಸೆ ಬಳಕೆಗೆ ನಿಲ್ಲಲಿಲ್ಲ. ನಾನು ಇದನ್ನು ಹೇಳಿದಾಗ ನಮ್ಮ ಹುಡುಗ ನಕ್ಕ. "ನಮ್ಮ ಕಾಯಿ ಹಾಕಿದ್ರ ಬರೇ ಕೆಂಪಾಗತಿತ್ತು" ಅಂದ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಲ್ವಾ.

ಖಾರವನ್ನು ನರ ಹೇಗೆ ಹಿಡಿಯುತ್ತದೆ ಎಂದು ಕಂಡುಹಿಡಿದವರು ಡೇವಿಡ್ ಜೂಲಿಯಸ್. ಒತ್ತಡವನ್ನು ಹೇಗೆ ಹಿಡಿಯುತ್ತದೆ ಎಂದು ಕಂಡುಹಿಡಿದವರು ಆರ್ಡೆಮ್ ಪಟಪೂಟಿಯನ್. 2021ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಸೇರಿ ಬಂತು. ಪಟಪೂಟಿಯನ್ ತಂಡದ ಪಿಯೆಜೊ2 ಎಂಬ ಪ್ರೋಟೀನು ಮೂತ್ರಕೋಶ ತುಂಬಿದ್ದನ್ನೂ ತಿಳಿಸುತ್ತದೆ ಅಂತ 2020ರಲ್ಲಿ ಗೊತ್ತಾಯಿತು. ಹುಟ್ಟಿನಿಂದ ಈ ಪ್ರೋಟೀನು ಸರಿಯಿಲ್ಲದ ಕೆಲವರಿಗೆ ಮೂತ್ರ ಬಂದದ್ದು ಸರಿಯಾಗಿ ತಿಳಿಯುವುದಿಲ್ಲ. ಅವರು ಮಾಡುವುದೇನು? ಗಡಿಯಾರ ನೋಡಿ ಹೋಗುತ್ತಾರೆ.

ನಮ್ಮವನೂ ಕೊನೆಗೆ ಬಂದು ನಿಂತದ್ದು ಗಡಿಯಾರಕ್ಕೇ. ಮೊದಲು ಸೇರಿಸಿದ್ದ ಆಸ್ಪತ್ರೆಯವರು ಪೈಪು, ಚೀಲದ ಸಮೇತ ಮನೆಗೆ ಕಳಿಸಿದ್ದರು. ಪೈಪು ಎಷ್ಟು ದಿನಕ್ಕೆ ಬದಲಿಸಬೇಕು ಅಂತಲೂ ಹೇಳಿರಲಿಲ್ಲ. ಎರಡು ತಿಂಗಳಲ್ಲಿ ಮೂರು ಸಲ ಚಳಿಜ್ವರ. ಸೋರೀತು ಅಂತ ಇವನು ನೀರು ಕುಡಿಯುವುದನ್ನೇ ಬಿಟ್ಟಿದ್ದ. ಅದು ಇನ್ನೂ ತಪ್ಪು. ಮೂತ್ರ ಗಟ್ಟಿಯಾಗಿ ಸೋಂಕು, ಕಲ್ಲು ಎರಡಕ್ಕೂ ದಾರಿ. ಆಮೇಲೆ ಹುಬ್ಬಳ್ಳಿಯಲ್ಲಿ ಒಬ್ಬ ನರ್ಸಕ್ಕ ಪಕ್ಕದಲ್ಲಿ ಕೂತು ಕಲಿಸಿದರು. ಕೈಯನ್ನು ಸೋಪಿನಲ್ಲಿ ತೊಳೆ. 12 ನಂಬರಿನ ಪೈಪು, ಅಂದರೆ 4 ಮಿಲಿಮೀಟರ್ ದಪ್ಪ. ಜೆಲ್ ಹಚ್ಚು. ಮೆಲ್ಲಗೆ ಒಳಗೆ ಬಿಡು. ತೂಬಿನ ಹತ್ತಿರ ತಡೆದರೆ ದೂಡಬೇಡ, ಉಸಿರು ಬಿಟ್ಟು ಕಾಯು. ಪೂರ್ತಿ ಖಾಲಿಯಾಗಲಿ, ಆಮೇಲೆ ತೆಗೆ. ನಾಲ್ಕರಿಂದ ಆರು ತಾಸಿಗೊಮ್ಮೆ. ಒಂದು ಸಲಕ್ಕೆ ಅರ್ಧ ಲೀಟರ್ ದಾಟಬಾರದು. ದಾಟಿದರೆ ಮುಂದಿನ ಸಲ ಬೇಗ.

ಇಷ್ಟು ಸರಳವಾದದ್ದನ್ನು ವೈದ್ಯರು ಒಪ್ಪಲು ಹಿಂದೇಟು ಹಾಕಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ, 1944ರಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಬೆನ್ನುಹುರಿ ಗಾಯದವರ ವಿಭಾಗ ಶುರುಮಾಡಿದ ಲುಡ್ವಿಗ್ ಗುಟ್‌ಮನ್ ಕೂಡ ಆಗಾಗ ಪೈಪು ಹಾಕಿ ತೆಗೆಯುವ ಪದ್ಧತಿಯನ್ನೇ ತಂದರು. ಆದರೆ ಅವರದು ಆಪರೇಷನ್ನಿನಷ್ಟು ಮಡಿ. ಮಿಷಿಗನ್‌ನ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಅಷ್ಟು ಮಡಿ ಬೇಡ, ಕೈ ತೊಳೆದು ರೋಗಿಯೇ ಹಾಕಿಕೊಳ್ಳಲಿ ಅಂದರು. ಸೋಂಕಿಗೆ ದೊಡ್ಡ ಕಾರಣ ಮೂತ್ರಕೋಶ ಉಬ್ಬಿ ಗೋಡೆಗೆ ರಕ್ತ ಸರಿಯಾಗಿ ಹರಿಯದಿರುವುದು, ಪೈಪಿನ ಮೇಲಿನ ನಾಲ್ಕು ಕ್ರಿಮಿಯಲ್ಲ ಅನ್ನುವುದು ಅವರ ವಾದ. ನನ್ನ ಕೇಳಿದರೆ, ಈ ವಿಷಯದಲ್ಲಿ ಅತಿ ಹೆಚ್ಚು ಕಿಡ್ನಿ ಉಳಿಸಿದ ಹೊಳಹು ಇದೇ. ಇದರಲ್ಲಿ ಬ್ಯಾಟರಿಯಿಲ್ಲ, ಆದ್ದರಿಂದ ಸುದ್ದಿಯಾಗುವುದಿಲ್ಲ.

ಬ್ಯಾಟರಿ ಇರುವವೂ ಇವೆ. ಇಂಗ್ಲೆಂಡಿನ ಜೈಲ್ಸ್ ಬ್ರಿಂಡ್ಲಿ 1970ರ ದಶಕದ ಕೊನೆಗೇ ಬೆನ್ನಿನ ಕೆಳಗಿನ ನರಬೇರುಗಳಿಗೆ ವಿದ್ಯುತ್ ಕೊಡುವ ಸಾಧನ ಕೂರಿಸಿದರು. ಹೊರಗಿಂದ ಒತ್ತಿದರೆ ಒಳಗೆ ಮೂತ್ರಕೋಶ ಹಿಂಡುತ್ತದೆ. ಬೆಲೆಯೂ ಇದೆ: ಸುದ್ದಿ ತರುವ ನರಬೇರುಗಳನ್ನು ಸಾಮಾನ್ಯವಾಗಿ ಕತ್ತರಿಸಿಬಿಡುತ್ತಾರೆ. ಉಳಿದ ಅರಿವೂ, ಗಂಡಸರಲ್ಲಿ ತಾನಾಗಿ ಬರುವ ನಿಮಿರುವಿಕೆಯೂ ಹೋಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಬೆನ್ನಿನ ಮೇಲೆ ಕಾಂತದ ಮಿಡಿತ ಕೊಟ್ಟು ನೋಡಿದರು. 2018ರ ವರದಿಯಲ್ಲಿ ಐವರು ಗಂಡಸರು ಸ್ವಲ್ಪಮಟ್ಟಿಗಾದರೂ ತಾವಾಗಿ ಮೂತ್ರ ಮಾಡುವಂತಾದರು. ಐವರು ಅಷ್ಟೇ ಅನ್ನುವುದನ್ನು ಮರೆಯಬಾರದು. ಅಲ್ಲಿವರೆಗೆ ಮೂತ್ರಕೋಶದ ಗೋಡೆ ಸಡಿಲಿಸಲು ಮಾತ್ರೆ ಇದೆ. ಅದು ಸಾಲದಿದ್ದರೆ ಬೊಟಾಕ್ಸ್, ಸಿನಿಮಾದವರು ಮುಖಕ್ಕೆ ಹಾಕಿಸಿಕೊಳ್ಳುವುದೇ. ಗೋಡೆಯ ಹತ್ತಾರು ಕಡೆ ಚುಚ್ಚುತ್ತಾರೆ, ಆರೆಂಟು ತಿಂಗಳು ಕೆಲಸ ಮಾಡುತ್ತದೆ. ಆಗಲೂ ಖಾಲಿ ಮಾಡಲು ಪೈಪು ಬೇಕೇ ಬೇಕು.

ಅವನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಒಂದು ಕಡೆ ತಾಸು, ಇನ್ನೊಂದು ಕಡೆ ಎಷ್ಟು ಬಂತು ಅನ್ನುವ ಲೆಕ್ಕ. ಬಚ್ಚಲ ಬಾಗಿಲಲ್ಲಿ ಗಾಲಿ ಕುರ್ಚಿ ಹಿಡಿಯುತ್ತಿರಲಿಲ್ಲ, ತಮ್ಮ ಗೋಡೆ ಒಡೆದು ಅಗಲ ಮಾಡಿದ. ಕಳೆದ ವೈಶಾಖದಲ್ಲಿ ತಂಗಿಯ ಮದುವೆ ಧಾರವಾಡದಲ್ಲಾಯಿತು. ಇವನು ಹಿಂದಿನ ರಾತ್ರಿಯೇ ಲೆಕ್ಕ ಹಾಕಿ ಕೂತಿದ್ದ. ಹೊರಡುವಾಗ ಒಂದು ಸಲ, ಅಕ್ಷತೆಗೆ ಮೊದಲು ಒಂದು ಸಲ. ಮಂಗಲ ಕಾರ್ಯಾಲಯದ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಅಕ್ಕಿ ಚೀಲಗಳ ನಡುವೆ, ತಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಆವತ್ತಿನ ಪುಟ ತೋರಿಸಿದ. "12:10 – 380." ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಬಟ್ಟೆ ಒಣಾ."